ಮೂಕಮ್ಮ ಟೀಚರ ಅರ್ಧಾಕ್ಷರ

ನಿಟ್ಟೂರಿನ ಆ ಬೀದಿಯಲ್ಲಿ ಮೂಕಮ್ಮ ಟೀಚರ ಬಗ್ಗೆ ಜನ ಆಡುತ್ತಿದ್ದ ಮಾತು ಒಂದೆರಡಲ್ಲ. "ಹೆಸರು ನೋಡಿದ್ರೆ ಮೂಕಮ್ಮ, ಬಾಯಿಗೆ ಬಿಡುವೇ ಇಲ್ಲ" ಎಂದು ಒಬ್ಬರು. "ಮಾತಾಡಿದ್ರೆ ಹೋಗ್ಲಿ ಅನ್ಬಹುದಿತ್ತು, ಬರೀ ಸದ್ದು ಮಾಡ್ತಾರಲ್ಲ ಮಾರಾಯ್ರೇ" ಎಂದು ಇನ್ನೊಬ್ಬರು. ಅದು ಸುಳ್ಳೂ ಅಲ್ಲ. ಸಂಜೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದರೆಂದರೆ ಮೂಕಮ್ಮ ಕೈಗನ್ನಡಿ ಹಿಡಿದು ಕೂರುತ್ತಿದ್ದರು. ಆಮೇಲೆ ಶುರು. ಸ್ ಸ್ ಸ್. ಪ್ ಪ್ ಪ್. ಟ್ ಟ್ ಟ್.

ಮನೆಯ ಒಡತಿ ಭಾಗೀರಥಮ್ಮ ಪಕ್ಕದ ಭಾಗದಲ್ಲೇ ಇದ್ದವರು. ನಾಲ್ಕಾರು ದಿನ ಗೋಡೆಗೆ ಕಿವಿಕೊಟ್ಟು, ಇದು ಉಬ್ಬಸವೇ ಸೈ ಎಂದು ತೀರ್ಮಾನಿಸಿ, ಕಾಳುಮೆಣಸಿನ ಕಷಾಯ ಕಾಸಿ ತಂದರು. "ಕುಡಿ ಮಾರಾಯ್ತಿ, ಎಂತಕ್ಕೆ ನಾಚಿಕೆ? ನಮ್ಮ ಮಾವಯ್ಯಂಗೂ ಇತ್ತು." ಮೂಕಮ್ಮ ಬೇಡವೆನ್ನಲಿಲ್ಲ. ಕಷಾಯ ಚೆನ್ನಾಗಿತ್ತು.

ಎದುರುಮನೆಯ ಕೆರಿಯಮ್ಮನದು ಇನ್ನೊಂದೇ ಕಥೆ. ಕೋಳಿ ಗೂಡಿಗೆ ಸೇರಿಸಲು ಬಂದವಳಿಗೆ ಟೀಚರ ಕಿಟಕಿಯಿಂದ "ಸ್ಸ್ಸ್ಸ್" ಕೇಳಿಸಿತು. ಕೋಲು ಹಿಡಿದು ಓಡಿಬಂದಳು.

"ಅಕ್ಕೋರೇ, ಕದ ತೆಗೀಬ್ಯಾಡಿ! ಒಳಗೆ ಹಾವು ಐತೆ!"

"ಹಾವಲ್ಲ ಕೆರಿಯಮ್ಮ, ನಾನು."

"ನೀವಾ? ಎಂತ ಆತು ನಿಮಗೆ?"

"ಇಂಗ್ಲಿಷ್ ಪಾಠ ಕಣೆ."

ಕೆರಿಯಮ್ಮ ಕೋಲು ಇಳಿಸಲಿಲ್ಲ. "ಇಂಗ್ಲಿಷು ಹಿಂಗೆ ಬುಸ್ ಅಂತದಾ?" ಎಂದು ಕೇಳಿಯೇ ಹೋದಳು. ಮರುದಿನ ಡೈರಿಗೆ ಹಾಲು ಹಾಕಲು ಬಂದವರ ಬಾಯಲ್ಲಿ ಆ ಮಾತು ಬೆಳೆದು, ಮೂಕಮ್ಮ ಟೀಚರ ಮೈಮೇಲೆ ಸಂಜೆ ಹೊತ್ತು ನಾಗ ಬರುತ್ತದೆ ಎನ್ನುವಲ್ಲಿಗೆ ಮುಟ್ಟಿತ್ತು.

ನಾಗನೂ ಅಲ್ಲ, ಉಬ್ಬಸವೂ ಅಲ್ಲ. ಏನಾಗಿತ್ತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೂಕಮ್ಮ ತುಮರಿಯವರು. ಕೊಲ್ಲೂರಿನ ಮೂಕಾಂಬಿಕೆಗೆ ಹರಕೆ ಹೊತ್ತು ಹೆತ್ತ ಮಗಳೆಂದು ಆ ಹೆಸರು. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಓಡಾಡಿ ಓದಿ, ಸಾಗರದಲ್ಲಿ ಟಿಸಿಎಚ್ ಮುಗಿಸಿ, ಟೀಚರಾದರು. ಹೊಸನಗರ ತಾಲ್ಲೂಕಿನ ಎಷ್ಟೋ ಊರು ಸುತ್ತಿ ಕೊನೆಗೆ ನಿಟ್ಟೂರು ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆಗೆ ಬಂದರು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಗಂಡಿನ ಕಡೆಯೋರು ಲಾಂಚು ತಪ್ಪಿಸ್ಕಂಡ್ರು" ಎಂದು ನಗುತ್ತಿದ್ದರು. ಅಷ್ಟಕ್ಕೆ ಆ ವಿಷಯ ಮುಗಿಯುತ್ತಿತ್ತು.

ಕನ್ನಡ ಕಲಿಸುವುದರಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಇಂಗ್ಲಿಷಿನದು ಹಾಗಲ್ಲ. ಎಲ್ಲರೂ ಮಾಡುವ ಹಾಗೆ ಅವರೂ ಎ ಬಿ ಸಿ ಡಿ ಹೇಳಿಸಿದರು, ಪಾಠವನ್ನು ಓದಿ ಓದಿ ಬಾಯಿಪಾಠ ಮಾಡಿಸಿದರು. ಒಂದು ಸಲ ಮೂರನೇ ಕ್ಲಾಸಿನ ಸುಘೋಷ ಎಂಬ ಹುಡುಗ ಬೆರಳಿಟ್ಟು ಇಡೀ ಪಾಠ ಗಡಗಡ ಓದಿದ. ಮೂಕಮ್ಮ ಮೆಚ್ಚಿ ಹತ್ತಿರ ಹೋಗಿ ನೋಡುತ್ತಾರೆ, ತೆರೆದಿದ್ದು ಗಣಿತದ ಪುಸ್ತಕ! ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಟೀಚರೂ ನಕ್ಕರು. ಮನೆಗೆ ಬಂದು ಅನ್ನದ ಮುಂದೆ ಕೂತಾಗ ಮಾತ್ರ, ಇಷ್ಟು ವರ್ಷ ನಾನು ಕಲಿಸಿದ ಇಂಗ್ಲಿಷ್ ಒಂದು ಮಗುವಿನ ಕಣ್ಣಿಗೂ ಹೋಗಿಲ್ಲ, ಬರೀ ಕಿವಿಯಿಂದ ಬಾಯಿಗೆ ಹೋಗಿದೆ ಎನ್ನಿಸಿತು. ನಿವೃತ್ತಿಗೆ ಆಗ ಉಳಿದಿದ್ದು ಎರಡು ವರ್ಷ. ಅಷ್ಟರೊಳಗೆ ಒಂದೇ ಒಂದು ಕ್ಲಾಸು, ಯಾರೂ ಹೇಳಿಕೊಡದ ಒಂದು ಶಬ್ದವನ್ನು ತಾನೇ ನೋಡಿ ತಾನೇ ಓದಬೇಕು. ಇದು ಅವರ ಹಟವಾಯಿತು.

ಹೊಸನಗರದಲ್ಲಿ ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಹಿಡಿದು ಓದು ಕಲಿಸುವ ತರಬೇತಿ ಇದೆ ಎಂದಾಗ, ಉಳಿದ ಶಾಲೆಗಳಲ್ಲಿ ಚಿಕ್ಕ ಟೀಚರುಗಳನ್ನು ಹಿಡಿದು ಕಳಿಸುತ್ತಿದ್ದರೆ, ಮೂಕಮ್ಮ ತಾವೇ ಕೇಳಿಕೊಂಡು ಹೋದರು. ಅಲ್ಲಿ ಪಾಠ ಮಾಡಲು ಬಂದಿದ್ದ ಹುಡುಗ ರವಿಶಂಕರ, ವಯಸ್ಸಿನಲ್ಲಿ ಅವರ ಅರ್ಧದಷ್ಟು. ಅವನು ಹೇಳಿದ ಮೊದಲ ಮಾತೇ ಇವರ ತಲೆಗೆ ಹೊಕ್ಕಿತು.

"ಅಕ್ಷರದ ಹೆಸರು ಬೇರೆ, ಅದು ಮಾಡೋ ಸದ್ದು ಬೇರೆ. ಮೇಡಮ್, ನಿಮ್ಮ ಹೆಸರೇನು?"

"ಮೂಕಮ್ಮ."

"ನೀವು ಮೂಕರಾ?"

"ನಮ್ಮ ಹೆಡ್‌ಮಾಸ್ಟ್ರನ್ನ ಕೇಳಿ ನೋಡು ತಮ್ಮ" ಎಂದರು ಮೂಕಮ್ಮ. ಹಾಲ್ ಪೂರಾ ನಕ್ಕಿತು.

"ನೋಡಿ, ಅಷ್ಟೇ" ಎಂದ ರವಿಶಂಕರ. "ಎಸ್ ಅನ್ನೋದು ಅದರ ಹೆಸರು. ಅದರ ಸದ್ದು ಸ್. ಮಕ್ಕಳಿಗೆ ಹೆಸರು ಆಮೇಲೆ ಹೇಳಿ, ಮೊದಲು ಸದ್ದು ಕಲಿಸಿ. ಸದ್ದಿಗೆ ಸದ್ದು ಕೂಡಿಸಿದರೆ ಶಬ್ದ ತಾನಾಗಿ ಬರುತ್ತೆ." ಎ ಬಿ ಸಿ ಡಿಯ ಸಾಲನ್ನು ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡಬೇಕು, ಇಷ್ಟರಿಂದಲೇ ಎಷ್ಟೋ ಸಣ್ಣ ಶಬ್ದಗಳು ಹುಟ್ಟುತ್ತವೆ ಎಂದು ತೋರಿಸಿದ.

ಮೂಕಮ್ಮ ಹುಮ್ಮಸ್ಸಿನಿಂದ ಬಂದು ರಟ್ಟು ಕತ್ತರಿಸಿ ಕಾರ್ಡ್ ಮಾಡಿದರು. ಮಕ್ಕಳಿಗೆ ಸುಲಭವಾಗಲಿ ಎಂದು ಪ್ರತಿ ಇಂಗ್ಲಿಷ್ ಅಕ್ಷರದ ಕೆಳಗೆ ಕನ್ನಡದಲ್ಲೂ ಬರೆದರು. ಎಸ್ ಕೆಳಗೆ ಸ, ಟಿ ಕೆಳಗೆ ಟ, ಪಿ ಕೆಳಗೆ ಪ. ಎಡವಿದ್ದು ಅಲ್ಲೇ. ಆ ವರ್ಷದ ಮಕ್ಕಳು ಕಾರ್ಡ್ ಜೋಡಿಸಿ "ಟ, ಆ್ಯ, ಪ" ಎಂದು ಕೂಗಿದರು. ಕೂಡಿಸಿ ಎಂದರೆ "ಟಯಾಪ" ಎಂದರು. ಟ್ಯಾಪ್ ಬರಲೇ ಇಲ್ಲ. "ಪ, ಇ, ನ" ಎಂದರೆ "ಪಯಿನ". ಪಿನ್ ಎಲ್ಲಿ ಕಳೆದುಹೋಯಿತೋ! ಶಾಲೆಯ ಹಿಂದೆ ಹಾದುಹೋಗುವವರು, ಅಕ್ಕೋರು ಮಕ್ಕಳಿಗೆ ಯಾವುದೋ ಮಂತ್ರ ಹೇಳಿಕೊಡ್ತಿದಾರೆ ಎಂದುಕೊಂಡರು. ಇಡೀ ವರ್ಷ ಹಾಗೇ ಹೋಯಿತು. ಉಳಿದದ್ದು ಇನ್ನೊಂದೇ ವರ್ಷ.

ಹೊಸ ವರ್ಷದ ಒಂದನೇ ಕ್ಲಾಸಿನಲ್ಲಿ ಕವನಾ ಎಂಬ ಹುಡುಗಿ ಇದ್ದಳು. ಗೂಡ್ಸ್ ಆಟೋ ಓಡಿಸುವ ದುರ್ಗೇಶನ ಮಗಳು. ಕಥೆ ಎಂದರೆ ಪ್ರಾಣ. ಮಧ್ಯಾಹ್ನ ಊಟವಾದ ಮೇಲೆ ಮೂಕಮ್ಮ ದಿನಾ ಒಂದು ಕಥೆ ಹೇಳುತ್ತಿದ್ದರು. ನಮ್ಮ ಕಡೆ ಕಥೆ ಕೇಳುವವರು ಸುಮ್ಮನೆ ಕೂರುವಂತಿಲ್ಲ, ಮಾತಿಗೊಮ್ಮೆ ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಆ ಕೆಲಸ ಕವನಾಳದು. ಆದರೆ ಅವಳ ಬಾಯಲ್ಲಿ ಯಾವಾಗಲೂ ಏನಾದರೊಂದು ಇರುತ್ತಿತ್ತು, ಒಂದು ದಿನ ಪುನರ್ಪುಳಿ ಹಣ್ಣು. ಬಾಯಿ ತೆರೆದರೆ ರಸ ಸುರಿಯುತ್ತದೆಂದು ತುಟಿ ಮುಚ್ಚಿಕೊಂಡೇ ಹೂಂಗುಟ್ಟುತ್ತಿದ್ದಳು.

"ಹುಲಿ ಬಂತು."

"ಮ್."

"ಬಂದು ಬಾವಿಕಟ್ಟೆ ಮೇಲೆ ಕೂತಿತು."

"ಮ್."

"ಕೂತು..." ಎಂದ ಮೂಕಮ್ಮ ಅಲ್ಲೇ ನಿಂತರು. ಹುಲಿ ಬಾವಿಕಟ್ಟೆಯಲ್ಲೇ ಉಳಿಯಿತು. "ಕವನಾ, ಇನ್ನೊಂದ್ ಸಲ ಅನ್ನು."

"ಮ್?"

"ಇನ್ನೊಂದ್ ಸಲ."

"ಮ್ಮ್ಮ್."

ಮೂಕಮ್ಮ ಎದ್ದು ಎಮ್ ಕಾರ್ಡ್ ಎತ್ತಿ ನೋಡಿದರು. ಕೆಳಗೆ ತಾವೇ ಬರೆದ ಮ. ಹುಡುಗಿ ಹೇಳಿದ್ದು ಮ ಅಲ್ಲ. ಮ ಎನ್ನಬೇಕಾದರೆ ತುಟಿ ಬಿಚ್ಚಬೇಕು, ಬಿಚ್ಚಿದರೆ ಒಂದು ಅ ನುಸುಳುತ್ತದೆ. ಹುಡುಗಿಯದು ತುಟಿ ಬಿಚ್ಚದ ಮ್. ತರಬೇತಿಯಲ್ಲಿ ರವಿಶಂಕರ ಬಾಯಿಬಿಟ್ಟು ಹೇಳಿದ್ದೂ ಇದೇ. ಕಿವಿಗೆ ಬಿದ್ದದ್ದನ್ನು ಕೈ ಬರೆಯುವಾಗ ಅಭ್ಯಾಸಬಲದಿಂದ ಪೂರ್ತಿ ಅಕ್ಷರ ಮಾಡಿಬಿಟ್ಟಿತ್ತು. ಕಾಗುಣಿತ ಎಂದರೆ ಮತ್ತೇನು? ಮ್‌ಗೆ ಅ ಸೇರಿದರೆ ಮ, ಇ ಸೇರಿದರೆ ಮಿ. ಸಾವಿರ ಸಲ ಕಲಿಸಿದ್ದು ಅದನ್ನೇ. ಕೂಡಿಸಿಟ್ಟದ್ದನ್ನೇ ಮತ್ತೆ ಕೂಡಿಸು ಎಂದರೆ ಮಕ್ಕಳು ತಾನೆ ಏನು ಮಾಡಿಯಾವು!

ಪೆನ್ನು ತೆಗೆದು ಕಾರ್ಡಿನ ಮ ಮೇಲೆ ಅರ್ಧಾಕ್ಷರದ ಕೊಕ್ಕೆ ಎಳೆದರು. ಸಂಜೆಯೊಳಗೆ ಎಲ್ಲ ವ್ಯಂಜನದ ಕಾರ್ಡಿಗೂ ಕೊಕ್ಕೆ ಬಿತ್ತು. ಪಾಪ, ಆವತ್ತು ಹುಲಿಯ ಕಥೆ ಮುಗಿಯಲಿಲ್ಲ. ಕವನಾ ಮೂರು ದಿನ ಮುನಿಸಿಕೊಂಡಳು.

ಅಲ್ಲಿಂದ ಮುಂದೆ ಮೂಕಮ್ಮ ಊರಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಅರ್ಧಾಕ್ಷರಗಳನ್ನು ಹೆಕ್ಕತೊಡಗಿದರು. ಸೂಜಿಮೆಣಸು ಕಚ್ಚಿದವರು ಏನನ್ನುತ್ತಾರೆ? ಸ್ಸ್. ಒಲೆಗೆ ಊದುಗೊಳವೆ ಹಿಡಿದವರು? ಫ್. ಕನ್ನಡಕ ಒರೆಸುವ ಮೊದಲು ಗಾಜಿಗೆ ಬಿಡುವ ಉಸಿರು ಹ್. ಮೀನಿನ ಮುಳ್ಳು ಸಿಕ್ಕಿದ ಗಂಟಲು ಕ್ ಎನ್ನುತ್ತದೆ. ಕೆರಿಯಮ್ಮ ಕೋಳಿ ಓಡಿಸುವಾಗ ಶ್ ಎನ್ನುತ್ತಾಳೆಯೇ ಹೊರತು ಶ ಎನ್ನುವುದಿಲ್ಲ, ಶ ಎಂದರೆ ಕೋಳಿ ಕದಲುವುದೂ ಇಲ್ಲ. ಇಂಥವನ್ನೆಲ್ಲ ಮಕ್ಕಳಿಂದಲೇ ಹೇಳಿಸಿ ಕಾರ್ಡಿಗೆ ಅಂಟಿಸಿದರು. ಅವರ ಸ್ವಂತ ನಾಲಿಗೆಯೇ ಮೊದಮೊದಲು ಮಾತು ಕೇಳುತ್ತಿರಲಿಲ್ಲ, ಪ್ ಎಂದರೂ ಬಾಲಕ್ಕೆ ಅ ಅಂಟಿಕೊಳ್ಳುತ್ತಿತ್ತು. ಅದಕ್ಕೇ ಸಂಜೆಯ ಆ ಕನ್ನಡಿ, ಆ ಬುಸುಗುಟ್ಟುವಿಕೆ, ಆ ಕಷಾಯ ಎಲ್ಲ.

ಮಕ್ಕಳಿಗೆ ಕೂಡಿಸುವ ರುಚಿ ಹತ್ತುತ್ತಿತ್ತು. ಅಷ್ಟರಲ್ಲಿ ಪೋಷಕರ ಸಭೆ ಬಂತು. ಹೆಡ್‌ಮಾಸ್ಟರ್ ನಾಗರಾಜಪ್ಪ ಗಲಾಟೆ ಎಂದರೆ ಆಗದ ಮನುಷ್ಯ. ಸ್ವಾಗತ ಹೇಳಿ ಕೂತರು. ದುರ್ಗೇಶ ಎದ್ದ.

"ಅಕ್ಕೋರೆ, ಸಿಟ್ಟು ಮಾಡ್ಕಬ್ಯಾಡಿ. ಮೊನ್ನೆ ಹೊಸನಗರದಲ್ಲಿ ನೆಂಟ್ರ ಮನೆ ಮದುವೆ. ನಮ್ಮ ಷಡ್ಕನ ಮಗಳು ಎ ಇಂದ ಝಡ್ ತನಕ ಸರ್ರ್ ಅಂತ ಹೇಳಿದ್ಲು. ನೀನೂ ಹೇಳೇ ಪುಟ್ಟಿ ಅಂದ್ರೆ, ನಮ್ಮದು ಕೆನ್ನೆ ಊದಿಸ್ಕಂಡು ಪ್ ಪ್ ಅಂತು! ಮಗೀಗೆ ಹೊಟ್ಟೆ ಸರಿ ಇಲ್ವಾ ಅಂತ ಕೇಳಿದ್ರು ಅಲ್ಲಿ."

ಸಭೆ ನಕ್ಕಿತು. ದುರ್ಗೇಶ ನಗಲಿಲ್ಲ.

"ಹೋದ ವರ್ಷದ ಮಕ್ಕಳು ಟಯಾಪ ಟಯಾಪ ಅಂತಿದ್ವು. ಈ ವರ್ಷ ಇದು. ಟಿಸಿ ಕೊಟ್ಬಿಡಿ, ಕಾನ್ವೆಂಟಿಗೆ ಹಾಕ್ತೀನಿ."

ಅವನ ಹಿಂದೆ ಮತ್ತೂ ಕೆಲವರು ತಲೆಯಾಡಿಸಿದರು. ಒಂದನೇ ಕ್ಲಾಸಿನಲ್ಲಿ ಇದ್ದವೇ ಬೆರಳೆಣಿಕೆಯ ಮಕ್ಕಳು. ಕವನಾ ಹೋದರೆ ಉಳಿದವೂ ಹೋಗುತ್ತವೆ. ಮೂಕಮ್ಮ ಹಟ ಹಿಡಿದು ಕಾದಿದ್ದ ಆ ಒಂದು ಕ್ಲಾಸು ಓದುವ ಮೊದಲೇ ಖಾಲಿಯಾಗುತ್ತದೆ, ಮತ್ತೊಂದಕ್ಕೆ ಅವರಿಗೆ ವರ್ಷವಿಲ್ಲ. ನಾಗರಾಜಪ್ಪ ಮೆಲ್ಲಗೆ, "ಮೇಡಮ್ ನಾಳೆಯಿಂದ ಎ ಬಿ ಸಿ ಡಿ ಶುರು ಮಾಡ್ತಾರೆ" ಎಂದರು.

"ಮಾಡಲ್ಲ ಸರ್" ಎಂದರು ಮೂಕಮ್ಮ. "ಅಕ್ಷರದ ಹೆಸರು ಜನವರಿಲಿ ಹೇಳ್ಕೊಡ್ತೀನಿ, ಅದೇನು ಒಂದು ವಾರದ ಕೆಲಸ. ದುರ್ಗೇಶ, ದಸರಾ ರಜೆ ಮುಗಿದು ಶಾಲೆ ಬಾಗಿಲು ತೆಗೆದ ದಿನ ಬಾ. ಇಂಗ್ಲಿಷಿನ ಒಂದು ಶಬ್ದ ತಗಂಬಾ. ನಾನು ಕಲಿಸಿರಬಾರದು, ಅವಳು ಓದಿರಬಾರದು. ನಿನ್ನ ಮಗಳು ಓದ್ತಾಳೆ."

"ಓದದಿದ್ರೆ?"

"ಟಿಸಿಗೆ ಸರ್ ಸಹಿ ಹಾಕೋವಾಗ ಪೆನ್ನು ನಾನೇ ಕೊಡ್ತೀನಿ."

ಸಭೆ ಮುಗಿದ ಮೇಲೆ ನಾಗರಾಜಪ್ಪ ಬೆವರು ಒರೆಸಿಕೊಂಡರು. "ಅಲ್ಲ ಮೇಡಮ್, ಅವನು ಯಾವ್ದಾದ್ರೂ ಎಡವಟ್ಟು ಶಬ್ದ ತಂದ್ರೆ?" ಆ ಭಯ ಸುಳ್ಳಲ್ಲ. ಇಂಗ್ಲಿಷಿನಲ್ಲಿ ಬರೆಯುವುದೊಂದು, ಅನ್ನುವುದೊಂದು ಆದ ಶಬ್ದಗಳು ಬೇಕಾದಷ್ಟಿವೆ. ಅಂಥದ್ದೊಂದು ಬಂದರೆ ಆರು ವರ್ಷದ ಮಗುವಿರಲಿ, ಹೆಡ್‌ಮಾಸ್ಟರೇ ಎಡವಿಯಾರು. "ಬಂದ್ರೆ ಬರ್ಲಿ ಸರ್. ಅವನು ಗೂಡ್ಸ್ ಆಟೋದವನು. ಆಟೋದಲ್ಲಿ ಹೇರಿದ್ದನ್ನೇ ತರ್ತಾನೆ" ಎಂದರು ಮೂಕಮ್ಮ.

ರಜೆ ಮುಗಿದ ದಿನ ದುರ್ಗೇಶ ಬಂದ. ಇಂಥದ್ದೊಂದಿದೆ ಎಂದು ಗೊತ್ತಾಗಿ ಕೆರಿಯಮ್ಮನೂ ಭಾಗೀರಥಮ್ಮನೂ ಶಾಲೆಯ ಜಗಲಿಗೆ ಬಂದು ಕೂತಿದ್ದರು. ದುರ್ಗೇಶನ ಜೇಬಿನಲ್ಲಿ, ಆಟೋದಲ್ಲಿ ಹೇರಿದ ಪೆಟ್ಟಿಗೆಯಿಂದ ಕಿತ್ತ ರಟ್ಟಿನ ಚೂರು. ಮಗಳಿಗೆ ಸುಳಿವು ಸಿಗಬಾರದೆಂದು ಚಿತ್ರ ಇದ್ದ ಅರ್ಧವನ್ನು ಹರಿದೇ ತಂದಿದ್ದ. ಅದರಲ್ಲಿ ಎಲ್ಲ ದೊಡ್ಡಕ್ಷರ. ಮಕ್ಕಳಿಗೆ ಇನ್ನೂ ಆಗಿರುವುದು ಚಿಕ್ಕಕ್ಷರ, ಹಾಗೆ ಬರಿ ಎಂದು ಮೂಕಮ್ಮ ಸೀಮೆಸುಣ್ಣ ಕೊಟ್ಟರು. ದುರ್ಗೇಶ ನಾಲಿಗೆ ಕಚ್ಚಿಕೊಂಡು ಬೋರ್ಡಿನ ಮೇಲೆ ಬರೆದ. ಪಿ, ಯು, ಎಮ್, ಪಿ.

ಕವನಾ ಬೋರ್ಡು ನೋಡಿದಳು. ಆಮೇಲೆ ಅಭ್ಯಾಸದಂತೆ ಟೀಚರ ತುಟಿ ನೋಡಿದಳು. ಮೂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ನಿಂತರು. ಹುಡುಗಿಗೆ ಬೇರೆ ದಾರಿ ಉಳಿಯಲಿಲ್ಲ. ಬೆರಳಿಟ್ಟಳು.

"ಪ್... ಅ... ಮ್..." ಪುನರ್ಪುಳಿ ತಿಂದವಳ ಹಾಗೆ ತುಟಿ ಮುಚ್ಚಿ ಎಳೆದಳು. "ಮ್ಮ್... ಪ್." ಇನ್ನೊಮ್ಮೆ ಬೆರಳು ಮೊದಲಿಗೆ ಬಂತು. "ಪ್ಅಮ್ಪ್. ಪಂಪ್. ಪಂಪ್!"

ಜಗಲಿಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ದುರ್ಗೇಶ ಕೈ ಎತ್ತಿ ತಡೆದ.

"ತಡೀರಿ ತಡೀರಿ. ಪೂರ್ತಿ ಓದಿಲ್ಲ. ಅದು ಪಂಪು."

"ಪಂಪ್" ಎಂದಳು ಮಗಳು.

"ಪಂಪು ಕಣೆ! ನಾನು ದಿನಾ ಹೊರೋದು ನನಗೆ ಗೊತ್ತಿಲ್ವಾ? ಕೊನೇದೊಂದು ತಿಂದ್ಬಿಟ್ಟೆ."

"ಕೊನೇಲಿ ಉ ಎಲ್ಲೈತಪ್ಪ?"

"ಐತಲ್ಲ! ಇಲ್ನೋಡು ಯು, ನಾನೇ ಬರ್ದೀನಿ!"

"ಅದು ಮಧ್ಯದಾಗೈತೆ. ಅದು ಅ ಅನ್ನತ್ತೆ. ಕೊನೇಲಿ ಎಂತ ಇಲ್ಲ, ಪ್ ಅಷ್ಟೆ. ಬಾಯಿ ಮುಚ್ಚಪ್ಪ."

ಮಗಳು ಅಪ್ಪನಿಗೆ ಬಾಯಿ ಮುಚ್ಚು ಎಂದದ್ದು ಕೇಳಿ ಕೆರಿಯಮ್ಮ ಹೊಟ್ಟೆ ಹಿಡಿದುಕೊಂಡಳು. ಕವನಾ ಮಾತ್ರ ಗಂಭೀರವಾಗಿ, ತುಟಿ ಹೇಗೆ ಮುಚ್ಚಬೇಕೆಂದು ತೋರಿಸಿದಳು. ದುರ್ಗೇಶ ಬೋರ್ಡಿನ ಹತ್ತಿರ ಹೋಗಿ ನೋಡಿದ. ಜೇಬಿನ ರಟ್ಟು ತೆಗೆದು ಅಕ್ಷರಕ್ಕೆ ಅಕ್ಷರ ತಾಳೆ ಹಾಕಿದ. ನಿಜಕ್ಕೂ ಕೊನೆಯಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಹೊತ್ತು ತಿರುಗಿದ ಆ ಉ ಯಾರೂ ಬರೆದದ್ದೇ ಅಲ್ಲ.

"ಪಂಪ್" ಎಂದು ಪ್ರಯತ್ನಿಸಿದ. ತುಟಿ ಬಿಚ್ಚಿತು. "ಉ" ಎಂದು ಹೊರಗೆ ಬಂತು. ಜಗಲಿಯಲ್ಲಿದ್ದವರೂ ಒಬ್ಬೊಬ್ಬರಾಗಿ ಹೇಳಿ ನೋಡಿದರು. ಪಂಪು, ಪಂಪು, ಪಂಪು. ಭಾಗೀರಥಮ್ಮ ಕೈಯಿಂದ ತುಟಿ ಒತ್ತಿಹಿಡಿದು ಒಂದು ಸಲ ಗೆದ್ದರು. "ಇದಕ್ಕಾ ಆ ಸದ್ದೆಲ್ಲ? ನಾನು ಕಷಾಯ ಮಾಡಿ ಸತ್ತೆ!" ಎಂದರು.

"ನೀವು ಪಂಪು ಅನ್ನೋದೇನೂ ತಪ್ಪಲ್ಲ" ಎಂದರು ಮೂಕಮ್ಮ. "ಅದು ನಮ್ಮ ಕನ್ನಡದ ಪಂಪು. ಅವಳು ಓದಿದ್ದು ಬೋರ್ಡಲ್ಲಿ ಇರೋದನ್ನ." ಎಂದವರೇ ಮೇಜಿನ ಮೇಲಿನ ಪೆನ್ನು ಎತ್ತಿ, "ಟಿಸಿ ವಿಷಯ ಎಂತ ಮಾಡಣ ದುರ್ಗೇಶ?" ಎಂದು ಕೇಳಿದರು.

"ಯಾರ ಟಿಸಿ?" ಎಂದ ದುರ್ಗೇಶ. ಮಗಳನ್ನು ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ನಿಂತು, ನಾಳೆ ಇನ್ನೊಂದು ತರಲಾ ಎಂದೂ ಕೇಳಿದ.

ಯಾರೂ ಶಾಲೆ ಬಿಡಲಿಲ್ಲ. ಜನವರಿಯಲ್ಲಿ ಎ ಬಿ ಸಿ ಡಿ ಹಾಡು ಕಲಿಸಿದರು, ವಾರದಲ್ಲಿ ಬಂತು. ಬೇಸಗೆ ರಜೆ ಹತ್ತಿರ ಬರುವಾಗ ಆ ಮಕ್ಕಳು ಬಿಸ್ಕತ್ತಿನ ಪೊಟ್ಟಣ, ಲಾರಿಯ ಹಿಂಬದಿ, ಔಷಧದ ಬಾಟಲಿ ಎಲ್ಲಕ್ಕೂ ಬೆರಳಿಡುತ್ತಿದ್ದವು. ಕೆಲವಕ್ಕೆ ಬಂತು, ಕೆಲವಕ್ಕೆ ಬರಲಿಲ್ಲ. ಎಡವಟ್ಟು ಶಬ್ದ ಸಿಕ್ಕಾಗ "ಇದು ಸುಳ್ಳು ಹೇಳ್ತದೆ ಅಕ್ಕೋರೆ" ಎಂದು ದೂರು ತಂದವು. ಮೂಕಮ್ಮ ಅಂಥವನ್ನು ಬೇರೆಯಾಗಿ ಕಲಿಸಿದರು. ತೀರ್ಥಹಳ್ಳಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ವಂದನಾ ಟೀಚರ್ ಮಾರ್ಚ್ ತಿಂಗಳೆಲ್ಲ ಕ್ಲಾಸಿನ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತು ಕಲಿತರು.

ನಿವೃತ್ತಿಯ ಸನ್ಮಾನ, ಹಾರ, ಭಾಷಣ ಎಲ್ಲ ಆಯಿತು. ಮೂಕಮ್ಮ ತುಮರಿಗೆ, ತಮ್ಮನಾದ ಕನ್ನಪ್ಪನ ಮನೆಗೆ ಹೊರಟರು. ಈಗ ಲಾಂಚು ಕಾಯಬೇಕಿಲ್ಲ, ಹಿನ್ನೀರಿಗೆ ಸೇತುವೆಯಾಗಿದೆ. ದುರ್ಗೇಶ ಬೆಳಿಗ್ಗೆಯೇ ಆಟೋ ತಂದು ಮಂಚ, ಪಾತ್ರೆ, ರಟ್ಟಿನ ಪೆಟ್ಟಿಗೆ ಹೇರಿ ಹಗ್ಗ ಬಿಗಿದ. ಭಾಗೀರಥಮ್ಮ ಬೀಗದ ಕೈ ತೆಗೆದುಕೊಳ್ಳಲೊಲ್ಲದೆ ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಇನ್ನೊಂದು ವರ್ಷ ಇದ್ದು ಹೋಗು ಮಾರಾಯ್ತಿ. ಬಾಡಿಗೆ ಬೇಡ. ಸಂಬಳ ಇಲ್ಲದಿದ್ರೆ ಎಂತಾತು, ಆ ಮಕ್ಕಳಿಗೆ ಹೇಳಿಕೊಡ್ತಾ ಕೂರು."

"ನಾನಿದ್ರೆ ಅವು ನನ್ನ ಮುಖ ನೋಡ್ತಾವೆ ಭಾಗೀರಥಮ್ಮ" ಎಂದರು ಮೂಕಮ್ಮ. ಬೀಗದ ಕೈಯನ್ನು ಜಗಲಿಯ ಕಂಬದ ಬುಡದಲ್ಲಿಟ್ಟರು. ಸೆರಗು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ, ಅಂಗಳಕ್ಕೆ ಇಳಿದರು.

ಆಟೋದ ಹಿಂಬದಿಯಲ್ಲಿ, ಸಾಮಾನಿನ ನಡುವೆ ಕವನಾ ಆಗಲೇ ಹತ್ತಿ ಕೂತಿದ್ದಳು. ಪೆಟ್ಟಿಗೆಯ ಮೇಲೆ ಉದ್ದದ ಒಂದು ಶಬ್ದವಿತ್ತು. ಅರ್ಧ ಓದಿ ಸಿಕ್ಕಿಹಾಕಿಕೊಂಡಿದ್ದಳು. ಬೆರಳು ಮೊದಲಿಗೆ ಹೋಗುತ್ತಿತ್ತು, ಮಧ್ಯದವರೆಗೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಮೊದಲಿಗೆ. ಮೂಕಮ್ಮ ಎದುರಿಗೆ ಬಂದು ನಿಂತರು. ಒಂದು ಗಳಿಗೆ ಕಾದರು. ಹುಡುಗಿ ತಲೆ ಎತ್ತಲಿಲ್ಲ.

ಮೂಕಮ್ಮ ಮುಂದೆ ಹೋಗಿ ದುರ್ಗೇಶನ ಪಕ್ಕದಲ್ಲಿ ಕೂತು, "ನಡಿ" ಎಂದರು.